ಸಿಂತ್ರಾಗೆ ಒಂದೇ ದಿನ ಇದೆ ಅಂದ್ರಲ್ಲ ಅತ್ತಿಗೆ, ಹೀಗೆ ಮಾಡಿ

ಅತ್ತಿಗೆ, ನಿಮ್ಮ ಮೆಸೇಜ್ ನೋಡಿದೆ. ಮಾತಾಡೋ ಹಾಗೇ ಬರೀತೀನಿ, ಉದ್ದ ಆಗುತ್ತೆ, ನಿಧಾನವಾಗಿ ಓದ್ಕೊಳ್ಳಿ. ನೀವು ಕೇಳಿದ್ದು ಇಷ್ಟು: ಪೋರ್ಚುಗಲ್ ರಾಜಧಾನಿ ಲಿಸ್ಬನ್‌ನಿಂದ ಬೆಟ್ಟದೂರು ಸಿಂತ್ರಾಗೆ ಒಂದು ದಿನ. ನೀವು, ಅಣ್ಣ, ಪುಟ್ಟಿ, ಜೊತೆಗೆ ಮಂಡಿನೋವಿರೋ ದೊಡ್ಡಮ್ಮ. ಪೆನಾ ಅರಮನೆ, ಮೂರಿಶ್ (ಹಿಂದೆ ಇಲ್ಲಿ ಆಳಿದ ಮುಸ್ಲಿಮರ) ಕೋಟೆ, ಊರೊಳಗಿನ ಅರಮನೆ, ರೆಗಲೈರಾ ಬಾವಿ, ಕಡಲಂಚಿನ ಕಾಬೊ ದ ರೋಕಾ, ಐದನ್ನೂ ಮುಗಿಸಬಹುದಾ?

ಐದೂ ಆಗಲ್ಲ. ಮೂರು ಚೆನ್ನಾಗಿ ಆಗುತ್ತೆ: ಪೆನಾ, ಊರೊಳಗಿನ ಅರಮನೆ, ಮಧ್ಯಾಹ್ನಕ್ಕೆ ಇನ್ನೊಂದು. ನಕ್ಷೆಯಲ್ಲಿ ನೋಡಿದ್ರೆ ಎಲ್ಲಾ ಪಕ್ಕಪಕ್ಕದಲ್ಲೇ ಇದೆ ಅನ್ಸುತ್ತೆ. ಆದ್ರೆ ಅದು ಬೆಟ್ಟ ಅತ್ತಿಗೆ. ಪೆನಾ ಬೆಟ್ಟದ ನೆತ್ತಿಯಲ್ಲಿದೆ, ಊರು ಕೆಳಗಿದೆ, ಮಧ್ಯೆ ಹಾವಿನ ಹಾಗೆ ಸುತ್ತೋ ಕಿರಿದಾದ ರಸ್ತೆ. ಸೀಸನ್‌ನಲ್ಲಿ ಬಸ್ಸಿಗೆ ಕಾಯೋದ್ರಲ್ಲೇ ಗಂಟೆಗಟ್ಟಲೆ ಹೋಗುತ್ತೆ. ಕಾರ್ ಬಾಡಿಗೆಗೆ ತಗೊಳ್ತೀವಿ ಅಂತ ಅಣ್ಣ ಬರೆದಿದ್ರು, ಅದು ಬೇಡ. ಹಳೇ ಊರಿನೊಳಗೆ ಹೊರಗಿನವರ ಕಾರಿಗೆ ನಿರ್ಬಂಧ ಇದೆ, ಮೇಲೆ ನಿಲ್ಲಿಸೋಕೆ ಜಾಗವೂ ಸಿಗಲ್ಲ.

ಮೊದಲು ಟಿಕೆಟ್ ವಿಷಯ, ಯಾಕಂದ್ರೆ ತುಂಬಾ ಜನ ಎಡವೋದು ಇಲ್ಲೇ. ಪೆನಾ ಅರಮನೆಯ ಒಳಗೆ ಹೋಗೋಕೆ ಟಿಕೆಟ್ ಮೇಲೆ ದಿನದ ಜೊತೆ ಗಂಟೆಯೂ ಇರುತ್ತೆ. ಅದು ಕೆಳಗಿನ ಗೇಟಿನಲ್ಲಿರಬೇಕಾದ ಹೊತ್ತಲ್ಲ, ಮೇಲೆ ಅರಮನೆಯ ಬಾಗಿಲಲ್ಲಿ ಇರಬೇಕಾದ ಹೊತ್ತು. ಗೇಟಿನಿಂದ ಬಾಗಿಲಿಗೆ ಏರುದಾರಿಯಲ್ಲಿ ಅರ್ಧ ಗಂಟೆ ನಡಿಗೆ. ಹತ್ತಕ್ಕೆ ಟಿಕೆಟ್ ಇದ್ದು ಹತ್ತಕ್ಕೆ ಗೇಟಿಗೆ ಬಂದ್ರೆ ಆ ಟಿಕೆಟ್ ಹೋದ ಹಾಗೆ, ತಡವಾಗಿ ಬಂದವರನ್ನ ಒಳಗೆ ಬಿಡಲ್ಲ. ದೊಡ್ಡಮ್ಮನ ಜೊತೆ ಆ ಏರು ಹತ್ತೋದು ಬೇಡವೇ ಬೇಡ. ಗೇಟಿನ ಒಳಗಿಂದ ಮೇಲಕ್ಕೆ ಸಣ್ಣ ಬಸ್ ಓಡುತ್ತೆ, ಅದಕ್ಕೆ ಬೇರೆ ದುಡ್ಡು, ಅದನ್ನೂ ಸೇರಿಸಿ ತಗೊಳ್ಳಿ. ಪಾರ್ಕ್ ಬೆಳಿಗ್ಗೆ 9ಕ್ಕೆ, ಅರಮನೆ 9.30ಕ್ಕೆ ತೆಗೆಯುತ್ತೆ. ನಿಮಗೆ 10 ಗಂಟೆಯ ಟಿಕೆಟ್ ಸರಿ. ಹೊರಡೋ ಮುಂಚೆ ಅರಮನೆಯವರ ವೆಬ್‌ಸೈಟಿನಲ್ಲಿ ಸಮಯ ಇನ್ನೊಮ್ಮೆ ನೋಡ್ಕೊಳ್ಳಿ. ಅರಮನೆ ಒಳಗೆ ಬೇಡ, ಪಾರ್ಕು ಮತ್ತೆ ಹೊರಗಿನ ಜಗುಲಿಗಳು ಸಾಕು ಅನ್ನೋರಿಗೆ ಕಡಿಮೆ ಬೆಲೆಯ ಟಿಕೆಟ್ ಬೇರೆ ಇದೆ.

ರೈಲು ಲಿಸ್ಬನ್‌ನ ರೊಸ್ಸಿಯು ಸ್ಟೇಷನ್ನಿಂದ, 40 ನಿಮಿಷ. ಸಿಂತ್ರಾನೇ ಕೊನೇ ಸ್ಟೇಷನ್, ಎಲ್ಲಿ ಇಳೀಬೇಕು ಅಂತ ಯೋಚನೆ ಇಲ್ಲ. ನವೆಗಾಂತ್ ಅಂತ ಕಾರ್ಡ್ ಕೊಡ್ತಾರೆ, ಅದು ತಲೆಗೊಂದು ಬೇಕು, ಒಂದೇ ಕಾರ್ಡನ್ನ ನಾಲ್ಕು ಸಲ ಒತ್ತೋಕಾಗಲ್ಲ. ಹತ್ತೋವಾಗಲೂ ಇಳಿದ ಮೇಲೂ ಮೆಷಿನ್ನಿಗೆ ತೋರಿಸಿ. ಎಂಟರ ಒಳಗೆ ರೈಲಲ್ಲಿ ಕೂತ್ಬಿಡಿ. ಹತ್ತೂವರೆ ಮೇಲೆ ಸ್ಟೇಷನ್ ಹೊರಗೆ ಬಸ್ಸಿನ ಕ್ಯೂ ಬೆಳೆಯುತ್ತೆ.

ಸ್ಟೇಷನ್ ಎದುರಿಗೇ 434 ನಂಬರ್ ಬಸ್. ಅದು ಒಂದೇ ದಿಕ್ಕಿನಲ್ಲಿ ಸುತ್ತುತ್ತೆ: ಸ್ಟೇಷನ್, ಹಳೇ ಊರು, ಮೂರಿಶ್ ಕೋಟೆ, ಪೆನಾ, ಆಮೇಲೆ ವಾಪಸ್ ಕೆಳಗೆ. ಸ್ಟೇಷನ್ನಲ್ಲೇ ಹತ್ತಿ, ಊರಿನೊಳಗಿನ ಸ್ಟಾಪಿನಲ್ಲಿ ಹತ್ತೋಣ ಅಂದ್ರೆ ಅಷ್ಟೊತ್ತಿಗೆ ಬಸ್ ತುಂಬಿರುತ್ತೆ. ಸ್ಟೇಷನ್ ಸುತ್ತ ಟುಕ್‌ಟುಕ್‌ನವರು ಬಂದು ಬಸ್ ಇಲ್ಲ, ಕ್ಯೂ ಎರಡು ಗಂಟೆ ಅಂತ ಹೇಳಿದ್ರೆ ನೀವೇ ಹೋಗಿ ಕಣ್ಣಾರೆ ನೋಡಿ.

ಪೆನಾದಲ್ಲಿ ಕೆಂಪು, ಹಳದಿ ಎರಡು ಬಣ್ಣ ಯಾಕೆ ಅಂತ ಪುಟ್ಟಿ ಕೇಳ್ತಾಳೆ ನೋಡಿ. ಕೆಂಪು ಭಾಗ ಹಳೇ ಸನ್ಯಾಸಿ ಮಠ, 1755ರ ಭೂಕಂಪದಲ್ಲಿ ಜಖಂ ಆಗಿ ಕೊನೆಗೆ ಪಾಳು ಬಿದ್ದಿತ್ತು. 1838ರಲ್ಲಿ ರಾಜ ಎರಡನೇ ಫರ್ಡಿನೆಂಡ್ ಅದನ್ನ ಕೊಂಡು, ಪಕ್ಕದಲ್ಲಿ ಹಳದಿ ಅರಮನೆ ಸೇರಿಸಿ ಕಟ್ಟಿಸಿದ. ಒಳಗೆ ಗೋಡೆಗೆ ಟೈಲ್ಸ್ ಹಾಕಿದ ಎರಡಂತಸ್ತಿನ ಅಂಗಳ ಸಿಗುತ್ತಲ್ಲ, ಅದು ಆ ಮಠದ್ದೇ. 1910ರಲ್ಲಿ ರಾಜರ ಆಳ್ವಿಕೆ ಕೊನೆ ಮಾಡಿದ ಕ್ರಾಂತಿ ಆದಾಗ ರಾಣಿ ಅಮೆಲಿಯಾ ಇಲ್ಲಿಂದಲೇ ದೇಶ ಬಿಟ್ಟು ಹೊರಟಿದ್ದು. ಹೊರಗೆ ಒಂದು ಕಮಾನಿನ ಮೇಲೆ ಟ್ರೈಟನ್ ಮೂರ್ತಿ ಇದೆ, ಅದರ ಕೆಳಗೆ ಎರಡು ನಿಮಿಷ ನಿಲ್ಲಿ. ಸೊಂಟದ ಮೇಲೆ ಮನುಷ್ಯ, ಕೆಳಗೆ ಮೀನು, ಚಿಪ್ಪಿನ ಮೇಲೆ ಕೂತು ಬಾಯಿ ತೆರೆದಿದ್ದಾನೆ, ತಲೆಯಿಂದಲೇ ಬಳ್ಳಿ ಮೇಲಕ್ಕೆ ಹಬ್ಬಿ ಕಿಟಕಿಯನ್ನ ಹೊತ್ತ ಹಾಗಿದೆ. ಪುಟ್ಟಿಗೆ ಖಂಡಿತ ಇಷ್ಟ ಆಗುತ್ತೆ.

ಮೂರಿಶ್ ಕೋಟೆ ದೊಡ್ಡಮ್ಮನಿಗೆ ಬೇಡ. ಬರೀ ಮೆಟ್ಟಿಲು, ಜೊತೆಗೆ ಗೋಡೆ ಮೇಲೆ ಜೋರು ಗಾಳಿ. ಪುಟ್ಟಿ ಹಟ ಹಿಡಿದ್ರೆ ಅಣ್ಣ ಅವಳನ್ನ ಕರ್ಕೊಂಡು ಹೋಗಲಿ, ಪೆನಾ ಗೇಟಿನಿಂದ ಕೋಟೆ ಗೇಟಿಗೆ ನಡಿಗೆ ಸ್ವಲ್ಪವೇ. ನೀವು ದೊಡ್ಡಮ್ಮ ಬಸ್ಸಿನಲ್ಲಿ ಇಳಿದುಬಿಡಿ.

ಊರೊಳಗಿನ ಅರಮನೆಯನ್ನ ಜನ ಬಿಟ್ಟುಬಿಡ್ತಾರೆ, ನನಗೆ ಅದೇ ಬೇಜಾರು. ಹೊರಗಿಂದ ಸಾದಾ ಬಿಳಿ ಕಟ್ಟಡ, ಮೇಲೆ ಲಾಳಿಕೆ ಕವುಚಿಟ್ಟ ಹಾಗೆ ಎರಡು ಚಿಮಣಿ, ಅಷ್ಟೇ ಅಂದ್ಕೊಳ್ತಾರೆ. ಆ ಚಿಮಣಿಗಳು 33 ಮೀಟರ್ ಎತ್ತರ, ಕೆಳಗಿರೋದು ರಾಜನ ಅಡುಗೆಮನೆ. ಒಲೆಗಳ ಪಕ್ಕ ನಿಂತು ತಲೆ ಎತ್ತಿದ್ರೆ ಆ ಕೊಳವೆ ಒಳಗಿಂದ ಬೆಳಕು ಇಳಿಯೋದು ಕಾಣುತ್ತೆ. ಒಂದು ಕೋಣೆಯ ಮಾಡಿನ ತುಂಬಾ ಮ್ಯಾಗ್‌ಪೈ ಹಕ್ಕಿಗಳು, ಒಂದೊಂದರ ಜೊತೆಯೂ 'ಪೋರ್ ಬೆಂ' ಅಂತ ಬರಹ, ಅಂದ್ರೆ 'ಒಳ್ಳೇದಕ್ಕೆ'. ಕೊನೆಗೆ ಬರೋ ಲಾಂಛನದ ಕೋಣೆಯ ಗುಮ್ಮಟದಲ್ಲಿ 72 ಮನೆತನಗಳ ಗುರುತುಗಳಿವೆ. ಗೋಡೆಯ ಟೈಲ್ಸ್ ಹತ್ತಿರದಿಂದ ನೋಡಿ. ಹಳೇವು ನುಣುಪಾಗಿರಲ್ಲ, ವಿನ್ಯಾಸ ಉಬ್ಬಿ ನಿಂತಿರುತ್ತೆ, ಓರೆ ಬೆಳಕಿನಲ್ಲಿ ನೆರಳು ಬೀಳುತ್ತೆ. ಮೆಟ್ಟಿಲು ಇದೆ, ಆದ್ರೆ ಪೆನಾದಷ್ಟು ನೂಕುನುಗ್ಗಲು ಇಲ್ಲ, ದೊಡ್ಡಮ್ಮ ನಿಧಾನವಾಗಿ ನೋಡಬಹುದು.

ಊಟ. ಸಿಂತ್ರಾದ ಸಿಹಿ ಎರಡು: ಬಾದಾಮಿ ಹೂರಣದ ತ್ರವೆಸೈರು, ದಾಲ್ಚಿನ್ನಿ ಹಾಕಿದ ಹಸಿ ಚೀಸಿನ ಕೆಜಾದಾ. ಎರಡರಲ್ಲೂ ಮೊಟ್ಟೆ ಇರುತ್ತೆ, ದೊಡ್ಡಮ್ಮನಿಗೆ ಕೊಡಿಸಬೇಡಿ. ಹಸಿರು ಸೊಪ್ಪಿನ ಸೂಪು ನೋಡಿ ಸಸ್ಯಾಹಾರ ಅಂದ್ಕೊಳ್ಳಬೇಡಿ, ಅದರಲ್ಲಿ ಸಾಮಾನ್ಯವಾಗಿ ಸಾಸೇಜ್ ತುಂಡು ತೇಲ್ತಿರುತ್ತೆ. 'ಸೆಂಯ್ ಕಾರ್ನ್, ಸೆಂಯ್ ಪೈಶ್, ಸೆಂಯ್ ಓವು' ಅಂತ ಹೇಳಿ: ಮಾಂಸ ಬೇಡ, ಮೀನು ಬೇಡ, ಮೊಟ್ಟೆ ಬೇಡ. ಚಪಾತಿ ಪಲ್ಯ ಕಟ್ಕೊಂಡು ಹೋದ್ರೆ ಇನ್ನೂ ಒಳ್ಳೇದು.

ಮಧ್ಯಾಹ್ನಕ್ಕೆ ರೆಗಲೈರಾನಾ, ಇಲ್ಲಾ ನಿಮ್ಮ ಪಟ್ಟಿಯಲ್ಲಿಲ್ಲದ ಮೊನ್ಸೆರಾತ್ ಅನ್ನೋ ತೋಟದ ಅರಮನೆನಾ ಅನ್ನೋದು ನೀವು ತೀರ್ಮಾನಿಸಿ. ಫೋಟೋದಲ್ಲಿ ಕಾಣೋ ಆ ಬಾವಿ ರೆಗಲೈರಾದ್ದು, 27 ಮೀಟರ್ ಆಳ, ಸುತ್ತು ಮೆಟ್ಟಿಲು, ಕೆಳಗೆ ಹೋದ ಮೇಲೆ ಒದ್ದೆ ಕತ್ತಲ ಸುರಂಗದಿಂದ ಆಚೆ ಬರಬೇಕು. ನೀರಿನ ಬಾವಿ ಅಲ್ಲ, 20ನೇ ಶತಮಾನದ ಮೊದಲಲ್ಲಿ ಒಬ್ಬ ಸಿರಿವಂತ ಆಸೆಪಟ್ಟು ಕಟ್ಟಿಸಿದ್ದು. ಅದರ ಆಡಳಿತ ಬೇರೆ, ಹಾಗಾಗಿ ಪೆನಾ ಜೊತೆ ಸೇರಿಸಿ ಕೊಡೋ ಟಿಕೆಟ್ ಅಲ್ಲಿ ನಡೆಯಲ್ಲ. ದೊಡ್ಡಮ್ಮ ಇರೋದ್ರಿಂದ ನನ್ನ ಮಾತು ಕೇಳೋದಾದ್ರೆ ಮೊನ್ಸೆರಾತ್. 435 ಬಸ್ ಬಾಗಿಲಿಗೇ ಹೋಗುತ್ತೆ, ಜನ ಕಡಿಮೆ, ಬೆಂಚುಗಳಿವೆ. ಅರಮನೆಯ ಒಳಗಿನ ಕೆತ್ತನೆಯಲ್ಲಿ ನಮ್ಮ ಕಡೆಯ ಕಲ್ಲಿನ ಜಾಲರಿ ಕೆಲಸದ ಛಾಯೆ ಇದೆ. ತೋಟದಲ್ಲಿ ಭಾರತದಿಂದ ತಂದ ಕಲ್ಲಿನ ಕಮಾನೂ ಇದೆ. 1857ರ ದಂಗೆ ಮುಗಿದ ಮೇಲೆ ಗವರ್ನರ್ ಜನರಲ್ ಕ್ಯಾನಿಂಗ್‌ನಿಂದ ಈ ಜಾಗದ ಒಡೆಯನಾಗಿದ್ದ ಇಂಗ್ಲೆಂಡಿನ ವ್ಯಾಪಾರಿ ಫ್ರಾನ್ಸಿಸ್ ಕುಕ್ ಕೊಂಡಿದ್ದು.

ಮೊನ್ಸೆರಾತ್ ದಾರಿಯಲ್ಲಿ ಪೆನ್ಯಾ ವೆರ್ದ್ ಅನ್ನೋ ಹಳೇ ಎಸ್ಟೇಟ್ ಬರುತ್ತೆ. ಖಾಸಗಿ ಜಾಗ, ಒಳಗೆ ಬಿಡಲ್ಲ, ಆದ್ರೂ ಬಸ್ಸಿನಿಂದ ಅಣ್ಣನಿಗೆ ತೋರಿಸಿ. ಅದು ಗೋವಾದಲ್ಲಿ ಪೋರ್ಚುಗೀಸರ ಗವರ್ನರ್ ಆಗಿದ್ದ ಜುವಾಂವ್ ದ ಕಾಸ್ತ್ರು ಅವರದ್ದು. 1547ರಲ್ಲಿ ವಿಜಯನಗರದ ಸದಾಶಿವರಾಯನ ಜೊತೆ ಒಪ್ಪಂದ ಮಾಡ್ಕೊಂಡಿದ್ದು ಇವರೇ. ಗೋವಾಗೆ ಬರೋ ಕುದುರೆ ವಿಜಯನಗರಕ್ಕೆ ಹೋಗಬೇಕು, ಬಿಜಾಪುರಕ್ಕೆ ಹೋಗಬಾರದು ಅನ್ನೋದು ಅದರಲ್ಲಿ ಮುಖ್ಯ. ಮಾರನೇ ವರ್ಷ ಗೋವಾದಲ್ಲೇ ತೀರ್ಕೊಂಡ್ರು. ಅವರ ಹರಕೆ ತೀರಿಸೋಕೆ ಮಗ ಅಲ್ವಾರು 1560ರಲ್ಲಿ ಇದೇ ಬೆಟ್ಟದ ಕಾಡಿನಲ್ಲಿ ಕಾಪೂಶುಶ್ ಮಠ ಕಟ್ಟಿಸಿದ. ಥಂಡಿ ತಡೆಯೋಕೆ ಅಲ್ಲಿನ ಬಾಗಿಲು, ಕೋಣೆಗಳಿಗೆ ಕಾರ್ಕ್ ಮರದ ತೊಗಟೆ ಹೊದಿಸಿದ್ದಾರೆ. ಬಾಗಿಲುಗಳು ಎಷ್ಟು ಕುಳ್ಳು ಅಂದ್ರೆ ಬಗ್ಗದೇ ಒಳಗೆ ಹೋಗೋಕಾಗಲ್ಲ. ನಿಮ್ಮ ದಿನಕ್ಕೆ ಅದು ಸೇರಲ್ಲ. ಹಂಪಿ ಇತಿಹಾಸ ಅಂದ್ರೆ ಪ್ರಾಣ ಬಿಡೋ ಅಣ್ಣ ಇನ್ನೊಂದು ದಿನ ಉಳಿಯೋದಾದ್ರೆ ಮಾತ್ರ ಟ್ಯಾಕ್ಸಿಯಲ್ಲಿ ಹೋಗಿ ಬರಲಿ.

ಕಾಬೊ ದ ರೋಕಾ ಕೈಬಿಡಿ. ಯುರೋಪಿನ ಮುಖ್ಯ ಭೂಭಾಗದ ತೀರಾ ಪಶ್ಚಿಮದ ತುದಿ, ಕಡಿದಾದ ಬಂಡೆ, ಕೆಳಗೆ ಅಟ್ಲಾಂಟಿಕ್, ನಿಜಕ್ಕೂ ಚೆನ್ನಾಗಿದೆ. ಆದ್ರೆ ಮಂಜು ಕವಿದ್ರೆ ಏನೂ ಕಾಣಲ್ಲ, ಗಾಳಿಗೆ ದೊಡ್ಡಮ್ಮ ನಿಲ್ಲೋದೂ ಕಷ್ಟ. ಪುಟ್ಟಿ ತುಂಬಾ ಆಸೆಪಟ್ರೆ ಮೊನ್ಸೆರಾತ್ ಬಿಟ್ಟು, ಸಿಂತ್ರಾ ಸ್ಟೇಷನ್ನಿಂದ ಬಸ್ಸಿನಲ್ಲಿ ಅಲ್ಲಿಗೆ ಹೋಗಿ, ಅಲ್ಲಿಂದ ಕಡಲತೀರದ ಊರು ಕಶ್ಕೈಶ್‌ಗೆ ಬಸ್, ಅಲ್ಲಿಂದ ಸಮುದ್ರದ ಪಕ್ಕದ ರೈಲಿನಲ್ಲಿ ಲಿಸ್ಬನ್‌ಗೆ ಬನ್ನಿ. ಬೇಲಿ ದಾಟಿ ಫೋಟೋ ತೆಗೆಯೋಕೆ ಯಾರನ್ನೂ ಬಿಡಬೇಡಿ.

ಲಿಸ್ಬನ್‌ನಲ್ಲಿ ಸುಡು ಬಿಸಿಲಿದ್ರೂ ಸಿಂತ್ರಾ ಬೆಟ್ಟದ ಮೇಲೆ ಮಂಜು ಇರಬಹುದು. ಸಮುದ್ರದ ತೇವದ ಗಾಳಿ ಬೆಟ್ಟಕ್ಕೆ ತಾಗಿ ಮೇಲೇರಿ ಅಲ್ಲೇ ಮೋಡ ಕಟ್ಟುತ್ತೆ. ಎಲ್ಲರಿಗೂ ಒಂದೊಂದು ಸ್ವೆಟರ್ ಇರಲಿ. ಚಪ್ಪಲಿ ಬೇಡ, ಹಿಡಿತ ಇರೋ ಶೂ ಬೇಕು, ಅಲ್ಲಿನ ಹಾಸುಗಲ್ಲು ಸವೆದು ನುಣುಪಾಗಿದೆ, ಒದ್ದೆಯಾದ್ರೆ ಜಾರುತ್ತೆ. ನೀವು ಹೋಗ್ತಿರೋದು ಆಗಸ್ಟ್ ಅಂದ್ರಿ. ಬೇಸಿಗೆಯಲ್ಲಿ ಕಾಳ್ಗಿಚ್ಚಿನ ಅಪಾಯ ಹೆಚ್ಚಿದ ದಿನ ಬೆಟ್ಟದ ರಸ್ತೆಗಳನ್ನೂ ಪೆನಾವನ್ನೂ ಮುಚ್ಚಿಬಿಡ್ತಾರೆ. ಹಿಂದಿನ ದಿನ ಸಂಜೆ ಒಮ್ಮೆ, ಬೆಳಿಗ್ಗೆ ರೈಲು ಹತ್ತೋ ಮುಂಚೆ ಒಮ್ಮೆ ವೆಬ್‌ಸೈಟ್ ನೋಡಿ. ಮುಚ್ಚಿದ್ರೆ ಗಾಬರಿ ಬೇಡ, ಊರೊಳಗಿನ ಅರಮನೆ ತೆಗೆದಿದೆಯಾ ಅಂತ ನೋಡ್ಕೊಂಡು ಅಲ್ಲಿಗೆ ಹೋಗಿ. ದಿನಾಂಕ ಗಟ್ಟಿಯಾದ ತಕ್ಷಣ ಇಲ್ಲೇ ಗ್ರೂಪಿನಲ್ಲಿ ಹಾಕಿ, ಆಗಸ್ಟಿನಲ್ಲಿ ಬೆಳಗಿನ ಟಿಕೆಟ್ ಬೇಗ ಖಾಲಿಯಾಗುತ್ತೆ.