ಸ್ಮಿತಾ, ಓನರ್ ಮಾತು ಕೇಳಿ ಸುಮ್ಮನಾಗಬೇಡ

ಸ್ಮಿತಾ, ನೀನು ಗ್ರೂಪ್‌ಗೆ ಹಾಕಿದ ಫೋಟೋ ಈಗ ನೋಡಿದೆ. ಮ್ಯಾಸಚೂಸೆಟ್ಸ್ ರಾಜ್ಯದ ವೂಸ್ಟರ್‌ನ ಆ ಮೂರಂತಸ್ತಿನ ಹಳೇ ಮರದ ಮನೆ, ಕಿಟಕಿ ಪಕ್ಕ ಬಣ್ಣ ಹಪ್ಪಳದ ಹಾಗೆ ಎದ್ದಿದೆ. ಆ ಹಳೇ ಬಣ್ಣದಲ್ಲಿ ಸೀಸ (ಲೆಡ್) ಇರಬಹುದು, ಮನೆಯಲ್ಲಿ ಪಾಪು ಬೇರೆ ಇದೆ. ಓನರ್ "ಹಳೇ ಬಣ್ಣದ ಮೇಲೆ ಹೊಸ ಪೇಂಟ್ ಹೊಡೆಸಿದ್ದೇನೆ, ಭಯ ಇದ್ದರೆ ಬೇರೆ ಮನೆ ನೋಡಿಕೊಳ್ಳಿ" ಅಂದರಂತಲ್ಲ, ಅದಕ್ಕೇ ಇಷ್ಟುದ್ದ ಹೇಳುತ್ತಿದ್ದೇನೆ.

ಅಮೆರಿಕದಲ್ಲಿ ಮನೆಗಳಿಗೆ ಸೀಸದ ಬಣ್ಣ ನಿಷೇಧವಾಗಿದ್ದು 1978ರಲ್ಲಿ. ಅದಕ್ಕಿಂತ ಹಳೇ ಮನೆ ಬಾಡಿಗೆಗೆ ಕೊಡುವವರು ಸೀಸದ ಬಗ್ಗೆ ಗೊತ್ತಿರುವುದನ್ನೆಲ್ಲ ಲೀಸ್‌ಗೆ ಸಹಿ ಬೀಳುವ ಮೊದಲೇ ಬರೆದು ಕೊಡಬೇಕು. ಇದು ಇಡೀ ದೇಶಕ್ಕೆ. ಮ್ಯಾಸಚೂಸೆಟ್ಸ್ ಕಾನೂನು ಇನ್ನೂ ಮುಂದೆ ಹೋಗುತ್ತದೆ. ಇಂಥ ಮನೆಯಲ್ಲಿ 6 ವರ್ಷದೊಳಗಿನ ಮಗು ಇದ್ದರೆ ಸೀಸದ ಅಪಾಯ ಸರಿಮಾಡಿಸುವುದು ಓನರ್ ಕೆಲಸ, ಖರ್ಚೂ ಅವರದೇ. ಕೆಲಸ ನಡೆಯುವಾಗ ನೀವು ಬೇರೆ ಕಡೆ ಇರಬೇಕಾದರೆ, ಬಾಡಿಗೆಗಿಂತ ಜಾಸ್ತಿ ಆಗುವ ದುಡ್ಡನ್ನೂ ಅವರೇ ಕೊಡಬೇಕು. ಸೀಸ ಇದೆ, ಮಗು ಇದೆ, ಅದಕ್ಕೇ ಮನೆ ಬಿಡಿ ಅನ್ನುವ ಹಾಗಿಲ್ಲ.

ನಮ್ಮ ಮಗಳಿಗೆ ಒಂದು ವರ್ಷವಿದ್ದಾಗ ರಕ್ತದಲ್ಲಿ ಸೀಸ ಡೆಸಿಲೀಟರ್‌ಗೆ 7 ಮೈಕ್ರೋಗ್ರಾಂ ಬಂತು. ಇಲ್ಲಿ 3.5 ದಾಟಿದರೇ ಡಾಕ್ಟರ್ ಎಚ್ಚರಿಕೆ ಕೊಡುತ್ತಾರೆ. ಅವಳು ಬಣ್ಣದ ಚೂರು ಬಾಯಿಗೆ ಹಾಕಿದ್ದನ್ನು ನಾವು ಒಂದು ದಿನವೂ ನೋಡಿರಲಿಲ್ಲ. ಆಡಿಕೊಂಡು ಚೆನ್ನಾಗೇ ಇದ್ದಳು. ಆಮೇಲೆ ಇನ್‌ಸ್ಪೆಕ್ಟರ್ ಬಂದು ತೋರಿಸಿದರು: ಕಿಟಕಿ ಎತ್ತಿ ಇಳಿಸಿದಾಗಲೆಲ್ಲ ಹಳೇ ಬಣ್ಣ ಉಜ್ಜಿ ಪುಡಿಯಾಗುತ್ತದೆ. ಆ ಧೂಳು ನೆಲಕ್ಕೆ, ನೆಲದಿಂದ ಅಂಬೆಗಾಲಿಡುವ ಮಗುವಿನ ಕೈಗೆ, ಕೈಯಿಂದ ಬಾಯಿಗೆ. ನಾನೇ ದಿನಾ ಗಾಳಿ ಬರಲಿ ಅಂತ ಆ ಕಿಟಕಿ ತೆಗೆಯುತ್ತಿದ್ದೆ. ಮೇಲೆ ಹೊಸ ಪೇಂಟ್ ಇದ್ದರೆ ಈ ಉಜ್ಜಾಟ ನಿಲ್ಲುತ್ತದಾ, ನೀನೇ ಹೇಳು.

ಪ್ರವೀಣ್ ಶನಿವಾರ ತಾನೇ ಕೆರೆದು ಬಣ್ಣ ಹೊಡೆಯುತ್ತಾನೆ ಅಂದೆಯಲ್ಲ, ದಯವಿಟ್ಟು ಬೇಡ. ಒಣಗಿದ್ದನ್ನು ಕೆರೆದರೆ ಮನೆಯೆಲ್ಲ ಸೀಸದ ಧೂಳು. ಓನರ್ ಸುಮ್ನೆ ಯಾರನ್ನೋ ಕಳಿಸಿದರೂ ಮುಟ್ಟಲು ಬಿಡಬೇಡ, ಸೀಸದ ಬಣ್ಣ ತೆಗೆಯುವ ಲೈಸೆನ್ಸ್ ಇದೆಯಾ ಕೇಳು. ಅಲ್ಲಿಯವರೆಗೆ ಪೊರಕೆ ಹಾಕಬೇಡ, ಒದ್ದೆ ಬಟ್ಟೆಯಲ್ಲಿ ಒರೆಸು. ತೊಟ್ಟಿಲನ್ನು ಕಿಟಕಿಯಿಂದ ದೂರ ಎಳೆ.

ಪಾಪುಗೆ ರಕ್ತ ಪರೀಕ್ಷೆ ಈ ವಾರವೇ ಮಾಡಿಸು. ಊರಿಂದ ತಂದ ಅರಿಶಿನ, ಕುಂಕುಮದಲ್ಲೂ ಕೆಲವೊಮ್ಮೆ ಸೀಸ ಸಿಕ್ಕಿದೆ, ಡಾಕ್ಟರ್ ಕೇಳಿದರೆ ಎಲ್ಲ ಹೇಳು. ಓನರ್‌ಗೆ ಫೋನ್ ಬೇಡ, ಇಮೇಲ್ ಹಾಕು, ಫೋಟೋ ಸೇರಿಸು. ಅವರು ಕದಲದಿದ್ದರೆ ವೂಸ್ಟರ್ ನಗರದ ಬೋರ್ಡ್ ಆಫ್ ಹೆಲ್ತ್‌ಗೆ (ಆರೋಗ್ಯ ಮಂಡಳಿಗೆ) ಹೇಳಿ ಇನ್‌ಸ್ಪೆಕ್ಷನ್ ಕೇಳು. ಇಮೇಲ್ ಬರೆಯಲು ಹಿಂಜರಿಕೆಯಾದರೆ ರಾತ್ರಿ ಒಂಬತ್ತಕ್ಕೆ ಕರೆ ಮಾಡು, ಇಬ್ಬರೂ ಕೂತು ಬರೆಯೋಣ.