ಕೃಷ್ಣಾ, ಘಟಪ್ರಭಾದಾಗ ಮೀನು ಏರೋದು ಯಾವಾಗ, ಗಾಳ ಹಾಕೋದು ಯಾವಾಗ?

ಬೀಳಗಿ_ಗಾಳ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ್ರಿ. ಅಮೆರಿಕದ ಕೊಲಂಬಿಯಾ ನದಿಯ ಚಿನೂಕ್ ಸಾಲ್ಮನ್ ಬಗ್ಗೆ ಓದುತ್ತಿದ್ದೆ. ಅಲ್ಲಿನ ಬಾನವಿಲ್ ಅಣೆಕಟ್ಟಿನಲ್ಲಿ ಮೀನಿಗೆಂದೇ ಕಟ್ಟಿದ ಮೆಟ್ಟಿಲು ಹತ್ತಿ ಹೋಗುವ ಮೀನನ್ನು ದಿನಾ ಎಣಿಸಿ ಪ್ರಕಟಿಸುತ್ತಾರೆ. ಮೇ 31ರ ತನಕ ಬಂದದ್ದು ವಸಂತದ ಮೀನು, ಜೂನ್-ಜುಲೈನಲ್ಲಿ ಬಂದದ್ದು ಬೇಸಿಗೆ ಮೀನು, ಆಗಸ್ಟ್ 1ರಿಂದ ಆಚೆಗಿನದು ಶರತ್ಕಾಲದ ಮೀನು. ಗಾಳದವರು ಆ ಲೆಕ್ಕ ನೋಡಿಯೇ ಹೊರಡುತ್ತಾರೆ.

ನಮ್ಮ ಕಡೆ ಅಂಥ ಕಾಲಪಟ್ಟಿ ಮಾಡಿಕೊಳ್ಳಲು ಬರುತ್ತದೆಯೇ? ಆಲಮಟ್ಟಿ ಹಿನ್ನೀರು, ಮೇಲೆ ಜಮಖಂಡಿ ತನಕ ಕೃಷ್ಣಾ, ಇತ್ತ ಮುಧೋಳದ ತನಕ ಘಟಪ್ರಭಾ, ಇಷ್ಟು ಜಾಗಕ್ಕೆ ಸಾಕು. "ಮಿರಗ ಮಳಿ ಬಿತ್ತಂದ್ರ ಗಾಳ ಹಾಕು" ಅಂತ ಹಿರಿಯರು ಹೇಳುತ್ತಾರೆ. ಆದರೆ ಮಿರಗ, ಅಂದರೆ ಮೃಗಶಿರ ಮಳೆ, ಸುರಿದರೂ ಹೊಳೆಯಲ್ಲಿ ನೀರೇ ಇರುವುದಿಲ್ಲ. ಕಾಟ್ಲಾ, ರೋಹು, ಬಾಳೆ ಮೀನು ನನ್ನ ಗುರಿ. 10 ಅಡಿ ರಾಡ್, 4000 ಸೈಜಿನ ರೀಲ್ ಇದೆ.

ಚಿಕ್ಕೋಡಿ_ದಂಡೆ

ತೇದಿ ಹಿಡಿದು ಹೋಗಬ್ಯಾಡ್ರಿ, ನೀರು ಹಿಡಿದು ಹೋಗ್ರಿ.

ಮಿರಗ ಜೂನ್ 8ರ ಸುಮಾರಿಗೆ ಹುಟ್ಟುತ್ತದೆ. ಅದು ಹೊಲದ ಮಳೆ, ಹೊಳೆಯ ಮಳೆಯಲ್ಲ. ಕೃಷ್ಣೆಗೆ ನೀರು ಬರುವುದು ಮಹಾಬಳೇಶ್ವರ, ಕೊಯ್ನಾ, ವಾರಣಾ, ಪಂಚಗಂಗಾ, ದೂಧಗಂಗಾ, ವೇದಗಂಗಾ ಕಡೆಯಿಂದ. ಘಟಪ್ರಭೆಯ ಮೂಲವೂ ಸಹ್ಯಾದ್ರಿಯಲ್ಲೇ ಇದೆ. ನಾವಿರುವುದು ಮಳೆನೆರಳಿನಲ್ಲಿ. ಬಾಗಲಕೋಟೆಯಲ್ಲಿ ಆಕಾಶ ಒಣಗಿರುವಾಗಲೇ ಜುಲೈ ತಿಂಗಳಲ್ಲಿ ಹೊಳೆ ಏರುತ್ತದೆ. ನಮ್ಮ ದೊಡ್ಡ ಮಳೆ ಉತ್ತರಿ, ಹಸ್ತಕ್ಕೆ ಬೀಳುವ ಹೊತ್ತಿಗೆ ಹೊಳೆ ಇಳಿಯುತ್ತಿರುತ್ತದೆ. ಹಾಗಾಗಿ ತಲೆ ಮೇಲಿನ ಮೋಡ ನೋಡಿ ಲೆಕ್ಕ ಹಾಕಿದವರಿಗೆ ಮೀನಿನ ಲೆಕ್ಕ ತಪ್ಪುತ್ತದೆ.

ಸಾಮಾನ್ಯ ವರ್ಷದಲ್ಲಿ ಆರಿದ್ರಾ ಮಳೆಯ ಹೊತ್ತಿಗೆ, ಅಂದರೆ ಜೂನ್ ಕೊನೆ-ಜುಲೈ ಮೊದಲ ವಾರ, ಮೊದಲ ಕೆಂಪು ನೀರು ಇಳಿಯುತ್ತದೆ. ಮಳೆಗಾಲಕ್ಕೆ ಬಾಂದಾರಗಳ (ಹೊಳೆಗೆ ಅಡ್ಡ ಕಟ್ಟಿದ ಒಡ್ಡುಗಳ) ಹಲಗೆ ತೆಗೆದಿರುತ್ತಾರೆ, ಹಿಪ್ಪರಗಿ ಬ್ಯಾರೇಜಿನಲ್ಲಿ ಗೇಟು ಎತ್ತಿರುತ್ತಾರೆ. ಬೇಸಿಗೆ ಪೂರ್ತಿ ತುಂಡು ತುಂಡಾಗಿದ್ದ ಹೊಳೆ ಆಗ ಒಂದಾಗುತ್ತದೆ, ಮೀನಿಗೆ ದಾರಿ ಸಿಗುತ್ತದೆ. ಮೊದಲು ಅಲುಗುವುದು ಬಾಳೆ. ಆಮೇಲೆ ಪುನರ್ವಸು, ಪುಷ್ಯ, ಆಶ್ಲೇಷದ ತನಕ, ಅಂದರೆ ಜುಲೈ ಮೊದಲ ವಾರದಿಂದ ಆಗಸ್ಟ್ ಮಧ್ಯದವರೆಗೆ, ಗೆಂಡೆ ಜಾತಿಯವು (ಕಾಟ್ಲಾ, ರೋಹು, ಮೃಗಾಲ್) ದಂಡೆಯ ಮುಳುಗಿದ ಹೊಲ, ಹಳ್ಳದ ಬಾಯಿಗಳಿಗೆ ಏರುತ್ತವೆ. ಮೂರು ಸೇರಬೇಕು: ನೀರು ಏರುತ್ತಿರಬೇಕು, ಹರಿಯುತ್ತಿರಬೇಕು, 24ರಿಂದ 31 ಡಿಗ್ರಿ ಬೆಚ್ಚಗಿರಬೇಕು. ಒಂದು ತಪ್ಪಿದರೂ ಹೊಟ್ಟೆಯಲ್ಲಿ ತತ್ತಿ ಇಟ್ಟುಕೊಂಡೇ ಕಾಯುತ್ತವೆ.

ಇಲ್ಲಿಯೇ ಚಿನೂಕ್ ಪಟ್ಟಿ ನಮಗೆ ಕೆಲಸಕ್ಕೆ ಬರದು. ಚಿನೂಕ್ ಸಮುದ್ರದಲ್ಲಿ ಕೊಬ್ಬಿ ಬಂದು, ಹೊಳೆ ಸೇರಿದ ಮೇಲೆ ತಿನ್ನುವುದನ್ನೇ ಬಿಡುತ್ತದೆ, ತತ್ತಿ ಇಟ್ಟು ಸಾಯುತ್ತದೆ. ಕೆಣಕಿದರೆ ಮಾತ್ರ ಗಾಳ ಕಚ್ಚುತ್ತದೆ. ಹೀಗಾಗಿ ಅಲ್ಲಿನವರಿಗೆ ಹೊಳೆಯಲ್ಲಿ ಮೀನು ಸಿಗುವುದೇ ಏರುವಾಗ. ನಮ್ಮ ಮೀನು ವರ್ಷವರ್ಷವೂ ತತ್ತಿ ಇಡುತ್ತದೆ, ಇಟ್ಟು ಬಂದ ಮೇಲೆ ಹಸಿದು ತಿನ್ನುತ್ತದೆ. ನಮಗೆ ಬೇಕಾದದ್ದು ಆ ಹಸಿವಿನ ಹೊತ್ತು. ಏರುವ ಹೊತ್ತಿನಲ್ಲಿ ಒಂದು ಕಿಲೋ ತೂಕದ ಹೆಣ್ಣು ರೋಹುವಿನ ಹೊಟ್ಟೆಯಲ್ಲಿ ಎರಡು ಲಕ್ಷದ ಆಸುಪಾಸು ತತ್ತಿ ಇರುತ್ತದೆ. ದಯವಿಟ್ಟು ಅದನ್ನು ಹಿಡಿಯಬೇಡಿ. ಆಗ ಹಿಡಿಯಲು ಹೋದರೂ ದಾರಕ್ಕೆ ಕಸ, ಜಲಕುಂಭಿ ಕಳೆ ಸಿಕ್ಕಿ, ದಾರಕ್ಕೆ ಕಟ್ಟಿದ ಸೀಸದ ತೂಕ ಉರುಳಿಹೋಗುತ್ತದೆ.

ಗಾಳಕ್ಕೆ ನನ್ನ ಕಾಲಪಟ್ಟಿ ಹೀಗೆ:

ಸೆಪ್ಟೆಂಬರ್ ಮಧ್ಯದಿಂದ ನವೆಂಬರ್ ಮಧ್ಯ, ಅಂದರೆ ಉತ್ತರಿಯಿಂದ ಸ್ವಾತಿ, ವಿಶಾಖದವರೆಗೆ, ವರ್ಷದ ಉತ್ತಮ ಕಾಲ. ಮೇಲಿನ ಹೊಳೆ ಇಳಿಯುತ್ತಿರುತ್ತದೆ. ಹಿನ್ನೀರು ಮಾತ್ರ 519.60 ಮೀಟರ್ ಪೂರ್ಣ ಮಟ್ಟದ ಹತ್ತಿರವೇ ನಿಂತಿರುತ್ತದೆ. ಹೊಸದಾಗಿ ಮುಳುಗಿದ ಹುಲ್ಲಿನ ಅಂಚಿನಲ್ಲಿ, ಒಂದೆರಡು ಮೀಟರ್ ಆಳದಲ್ಲಿ ಮೀನು ಮೇಯುತ್ತದೆ. ದೂರ ಎಸೆಯುವುದೇ ಇಲ್ಲಿ ದೊಡ್ಡ ತಪ್ಪು. ಮೀನು ನಿಮ್ಮ ಕಾಲಬುಡದಲ್ಲೇ ಇರುತ್ತದೆ.

ಡಿಸೆಂಬರ್-ಜನವರಿಯಲ್ಲಿ ನೀರು ತಣ್ಣಗಾಗಿ ಕಾಟ್ಲಾ, ರೋಹು ಮಂದವಾಗುತ್ತವೆ. ಬೆಳಗಿನ ಜಾವ ಹೋಗಿ ಉಪಯೋಗವಿಲ್ಲ, 10ರಿಂದ 4 ಗಂಟೆ ಸಾಕು. ಆಗ ಸೈಪ್ರಿನಸ್ (ಸಾಮಾನ್ಯ ಗೆಂಡೆ) ಚೆನ್ನಾಗಿ ಬೀಳುತ್ತದೆ, ತಂಪು ಅದಕ್ಕೆ ಒಗ್ಗುತ್ತದೆ.

ಫೆಬ್ರುವರಿಯಿಂದ ಹಿನ್ನೀರು ಸರಿಯುತ್ತದೆ. ಮೀನು ಹಳೆಯ ಹೊಳೆಪಾತ್ರಕ್ಕೆ ಇಳಿಯುತ್ತದೆ, ನೀವೂ ಅಲ್ಲಿಗೇ ಹೋಗಬೇಕು. ಏಪ್ರಿಲ್-ಮೇನಲ್ಲಿ ಬೆಳಿಗ್ಗೆ 5.30ರಿಂದ 8.30, ಸಂಜೆ ಹೊತ್ತು ಮುಳುಗುವಾಗ ಮಾತ್ರ. ನಡುಮಧ್ಯಾಹ್ನ ದಂಡೆಯ ನೀರು ಕಾದು, ಮೀನು ಆಳ ಹಿಡಿಯುತ್ತದೆ.

ಘಟಪ್ರಭೆಗೆ ಒಂದು ಮಾತು. ಗೋಕಾಕ ಜಲಪಾತ 52 ಮೀಟರ್ ಎತ್ತರ, ಯಾವ ಮೀನೂ ಹತ್ತದು. ಮುಧೋಳದಲ್ಲಿ ಸಿಗುವುದು ಕೆಳಗಿನಿಂದ, ಆಲಮಟ್ಟಿ ಕಡೆಯಿಂದ ಏರಿದ ಮೀನು. ಜಲಪಾತದ ಮೇಲಿರುವ ಹಿಡಕಲ್, ಧೂಪದಾಳದ ನೀರಿನ ಮೀನಿನದು ಬೇರೆ ಸಂಸಾರ. ಎರಡಕ್ಕೂ ಒಂದೇ ಲೆಕ್ಕ ಹಾಕಬೇಡಿ.

ಬೀಳಗಿ_ಗಾಳ

ಭಾಳ ಉಪಕಾರ ಆತ್ರಿ ಅಣ್ಣಾರ. ಮನೆಯಲ್ಲೇ ಕುಳಿತು ನೀರು ತಿಳಿಯಾಗಿದೆ ಅಂತ ಗೊತ್ತು ಮಾಡಿಕೊಳ್ಳುವುದು ಹೇಗೆ? 35 ಕಿಲೋಮೀಟರ್ ಹೋಗಿ ಕೆಂಪು ನೀರು ನೋಡಿ ಬರೋದು ಬ್ಯಾಡ ಅಂತ. ಗಾಳಕ್ಕೆ ಹಚ್ಚುವ ಎರೆ ಯಾವುದು?

ಚಿಕ್ಕೋಡಿ_ದಂಡೆ

ಪತ್ರಿಕೆಯಲ್ಲಿ ದಿನಾ ಬರುವ ಆಲಮಟ್ಟಿ, ಹಿಡಕಲ್ ಒಳಹರಿವಿನ ಕ್ಯೂಸೆಕ್ ಅಂಕಿ ಬರೆದಿಟ್ಟುಕೊಳ್ಳಿ. ಒಂದು ದಿನದ ಅಂಕಿ ಏನೂ ಹೇಳುವುದಿಲ್ಲ, ಸತತ ನಾಲ್ಕೈದು ದಿನ ಇಳಿದಿರಬೇಕು. ನಡುವೆ ಕೊಯ್ನಾ ಗೇಟು ಎತ್ತಿದ ಸುದ್ದಿ ಬಂದರೆ ಲೆಕ್ಕ ಮತ್ತೆ ಮೊದಲಿನಿಂದ. ಆ ನೀರು ನಮ್ಮ ಗಡಿಗೆ ಬರಲು ಒಂದೆರಡು ದಿನ ಹಿಡಿಯುತ್ತದೆ. ದಂಡೆಗೆ ಹೋದ ಮೇಲೆ ಕೈಯನ್ನು ಮೊಣಕೈ ತನಕ ಮುಳುಗಿಸಿ ನೋಡಿ: ಅಂಗೈ ಕಂಡರೆ ಕಾಟ್ಲಾಕ್ಕೆ ಕೂರಬಹುದು. ಮಣಿಕಟ್ಟೇ ಕಾಣದಿದ್ದರೆ ವಾಸನೆ ಹಿಡಿದು ಬರುವ ಬಾಳೆಗೆ ಮಾತ್ರ ಪ್ರಯತ್ನಿಸಿ.

ಜಮಖಂಡಿ_ರೀಲ್

ಎರೆ ಬಗ್ಗೆ ನಾ ಹೇಳ್ತೀನ್ರಿ.

ಮೊದಲು ಜಾಗಕ್ಕ ಎರಚಾಕ: ಶೇಂಗಾ ಹಿಂಡಿ ಅರ್ಧ ಕಿಲೋ, ಅಕ್ಕಿ ತೌಡು ಕಾಲು ಕಿಲೋ, ಗೋವಿನಜೋಳದ ಹಿಟ್ಟು ಕಾಲು ಕಿಲೋ. ಹಿಂಡಿ ಹಿಂದಿನ ರಾತ್ರಿ ನೆನಿ ಹಾಕ್ರಿ. ಹೊಳಿ ನೀರಾಗ ಕಲಸಿ, ಮುಷ್ಟಿಗಾತ್ರದ ಉಂಡಿ ಮಾಡಿ, ನಾಕೈದು ಉಂಡಿ ಒಂದೇ ಜಾಗಕ್ಕ ಹಾಕ್ರಿ. ಎಲ್ಲಾ ಒಮ್ಮೆಲೇ ಸುರಿದ್ರ ಮೀನು ಹೊಟ್ಟಿ ತುಂಬಿಸ್ಕೊಂಡು ಹೋಗ್ತಾವ. ಅರ್ಧ ತಾಸಿಗೆ ಒಂದು ಉಂಡಿ ಸಾಕು.

ಗಾಳಕ್ಕ: ಗೋಧಿ ಹಿಟ್ಟು 200 ಗ್ರಾಂ, ಕಡಲಿ ಹಿಟ್ಟು 50 ಗ್ರಾಂ, ಗಟ್ಟಿ ಕಲಸಿ 10 ನಿಮಿಷ ಉಗಿಯಾಗ ಬೇಯಿಸಿ, ಬಿಸಿ ಇದ್ದಾಗನ ನಾದ್ರಿ. ಬೇಯಿಸದ ಹಸಿ ಹಿಟ್ಟು ಹಚ್ಚಿದ್ರ ಎಸೆದ ಏಟಿಗೆ ಬಿಚ್ಚಿ ಹೋಗತೈತಿ, ಹಿಂದ ಬರೀ ಗಾಳ ಕುಂತಿರತೈತಿ. ಜಿಲೇಬಿ ಮೀನು (ತಿಲಾಪಿಯಾ) ಕುಕ್ಕಿ ತಿಂದು ಮುಗಸ್ತಿದ್ರ ಹಿಟ್ಟು ಬಿಟ್ಟು ಬೇಯಿಸಿದ ಗೋವಿನಜೋಳದ ಕಾಳು ಹಚ್ರಿ.

ಆಳ ತಪ್ಪಬ್ಯಾಡ್ರಿ. ಕಾಟ್ಲಾ ಮ್ಯಾಲ ತಿನ್ನೋ ಮೀನು, ಅದಕ್ಕ ಬೆಂಡು ಕಟ್ಟಿ ಒಂದು-ಒಂದೂವರಿ ಮೀಟರ್ ಆಳಕ್ಕ ಬಿಡ್ರಿ. ರೋಹು ನಡುನೀರಿನಾಗ, ಮೃಗಾಲ್ ತಳದಾಗ. ಎಲ್ಲಾದಕ್ಕೂ ತಳಕ್ಕ ಸೀಸ ಹಾಕಿ ಕುಂತು "ಕಾಟ್ಲಾ ಇಲ್ಲ" ಅನ್ನೋರು ಭಾಳ.

ಮೇನ್ ದಾರ 0.35 ಮಿಮೀ, ಸೀಸ 30ರಿಂದ 60 ಗ್ರಾಂ. ಹಿನ್ನೀರಿನ ತಳದಾಗ ಮುಳುಗಿದ ಜಾಲಿ, ಹಳೇ ಗ್ವಾಡಿ, ಕಲ್ಲು ಭಾಳ. ಸೀಸಾನ ಮೇನ್ ದಾರಕ್ಕ ಸೀದಾ ಕಟ್ಟಬ್ಯಾಡ್ರಿ, 0.20ರ ತೆಳು ದಾರದ ತುಂಡಿನಿಂದ ಕಟ್ರಿ. ಸಿಕ್ಕೊಂಡ್ರ ಸೀಸ ಅಷ್ಟ ಹರಿದು ಹೋಗತೈತಿ, ಮೀನು ಕೈಗೆ ಬರತೈತಿ. ಬಾಳೆಗೆ 0.60ರ ಲೀಡರ್ (ಗಾಳದ ಹತ್ತಿರ ಕಟ್ಟೋ ದಪ್ಪ ದಾರದ ತುಂಡು) ಬೇಕು, ಅದರ ಸಣ್ಣ ಹಲ್ಲು ಅರದಂಗ ದಾರ ತಿಕ್ಕತಾವ. ಹೊತ್ತು ಮುಳುಗಿದ ಮ್ಯಾಲಿನ ಎರಡು ತಾಸು ಬಾಳೇದು.

ಮಲಪ್ರಭಾ_ಪಾತ್ರ

ಹೊರಡುವ ಮೊದಲು ಜಿಲ್ಲಾ ಮೀನುಗಾರಿಕೆ ಇಲಾಖೆ ಕಚೇರಿಯಲ್ಲಿ ಎರಡು ಕೇಳಿಕೊಳ್ಳಿ: ನೀವು ಕೂರುವ ಜಾಗದ ಮೀನು ಹಕ್ಕು ಯಾರಿಗೆ ಗುತ್ತಿಗೆಯಾಗಿದೆ, ಈ ವರ್ಷದ ನಿಷೇಧದ ಅವಧಿ ಯಾವುದು. ಧೂಪದಾಳದ ಸುತ್ತ ಘಟಪ್ರಭಾ ಪಕ್ಷಿಧಾಮವಿದೆ, ಅಲ್ಲಿ ಗಾಳ ಹಾಕಬೇಡಿ. ಅಣೆಕಟ್ಟೆಯ ಗೇಟಿನ ಕೆಳಗಂತೂ ಕೂರಲೇಬೇಡಿ, ಗೇಟು ಎತ್ತಿದರೆ ಓಡಲು ಹೊತ್ತು ಸಿಗುವುದಿಲ್ಲ.

ಕೃಷ್ಣಾ, ಘಟಪ್ರಭಾದಲ್ಲಿ ಮೊಸಳೆ ಇವೆ. ಬೇಸಿಗೆಯಲ್ಲಿ ನೀರು ಮಡುವಿಗೆ ಇಳಿದಾಗ ಮೀನೂ ಅಲ್ಲೇ, ಮೊಸಳೆಯೂ ಅಲ್ಲೇ. ಮರಳ ದಂಡೆಯಲ್ಲಿ ಹೊಟ್ಟೆ ಎಳೆದ ಗುರುತು ಕಂಡರೆ ಜಾಗ ಬಿಡಿ. ಮೊಣಕಾಲುದ್ದ ನೀರಿಗಿಳಿದು ಮೀನು ಎತ್ತುವ ಬದಲು ಉದ್ದ ಹಿಡಿಯ ಬಲೆ ಇಟ್ಟುಕೊಳ್ಳಿ.

ಮಳೆಗಾಲದಲ್ಲಿ ಕೊರವ ಮೀನು ಮರಿಗಳ ಗುಂಪಿನ ಕೆಳಗೆ ಕಾವಲಿರುತ್ತದೆ, ಏನು ಎಸೆದರೂ ಸಿಟ್ಟಿಗೆ ಕಚ್ಚುತ್ತದೆ. ಸುಲಭದ ಬೇಟೆ ಅಂತ ತಾಯಿ-ತಂದೆ ಮೀನನ್ನು ಎತ್ತಿದರೆ ಒಂದೇ ದಿನದಲ್ಲಿ ಮರಿಗಳೆಲ್ಲ ಬೇರೆ ಮೀನಿನ ಪಾಲು. ನೀರ ಮೇಲೆ ಕೆಂಪು ಮರಿಗಳ ರಾಶಿ ಕುದಿಯುವ ಹಾಗೆ ಕಂಡರೆ ಅತ್ತ ಗಾಳ ಹಾಕಬೇಡಿ.

ಮಲಪ್ರಭೆಯ ಲೆಕ್ಕ ಸರಳ: ನವಿಲುತೀರ್ಥ ಅಣೆಕಟ್ಟಿನಿಂದ ನೀರು ಬಿಟ್ಟ ವರ್ಷ ಮೀನು ಏರುತ್ತದೆ, ಬಿಡದ ವರ್ಷ ಕೂಡಲಸಂಗಮದ ಹಿನ್ನೀರಿನಲ್ಲೇ ಉಳಿಯುತ್ತದೆ.

ಇಂಡಿ_ನದಿದಂಡೆ

ವಿಜಯಪುರ ಕಡೆಯವರು ಈ ಪಟ್ಟಿಯನ್ನು ಭೀಮೆಗೆ ಹಾಗೇ ಹಚ್ಚಬೇಡಿ. ನಮ್ಮ ನೀರು ಮಹಾರಾಷ್ಟ್ರದ ಉಜನಿ ಅಣೆಕಟ್ಟು ತುಂಬಿದ ಮೇಲೆ ಬರುವುದು, ಅದು ಹೆಚ್ಚಾಗಿ ಆಗಸ್ಟ್-ಸೆಪ್ಟೆಂಬರ್. ಇಳಿನೀರಿನ ಕಾಲವೂ ಅಷ್ಟೇ ಹಿಂದಕ್ಕೆ ಹೋಗಿ ದೀಪಾವಳಿ ಆಸುಪಾಸು ಸಿಗುತ್ತದೆ. ಬಾಂದಾರದ ಗೇಟು ಹಾಕಿದ ಮೇಲೆ ಮೊದಲ ವಾರ ಬಿಟ್ಟುಬಿಡಿ. ನೀರು ನಿಂತು ಏರುವಾಗ ಮೀನು ಚದುರಿರುತ್ತದೆ, ಮಟ್ಟ ನಿಂತ ಮೇಲೆ ಗೇಟಿನಿಂದ ಮೇಲಕ್ಕೆ ಒಂದೆರಡು ಕಿಲೋಮೀಟರ್ ದೂರದ, ಹಳ್ಳ ಸೇರುವ ಬಾಯಿಗಳಲ್ಲಿ ಕೂಡುತ್ತದೆ.