ಸಹಾಯ ಬೇಕು: ಕೋಳಿಯ ಜೀವಕೋಶಗಳಲ್ಲಿ ರೆಟ್ರೊವೈರಸ್ ಎನ್‌ಹ್ಯಾನ್ಸರ್‌ನ ಬಲ ಅಳೆಯುವುದು

ಎಲ್ಲರಿಗೂ ಶರಣು. ನಾನು ಕಲಬುರಗಿಯಲ್ಲಿ ಜೈವಿಕ ತಂತ್ರಜ್ಞಾನದ ಎಂ.ಎಸ್ಸಿ. ವಿದ್ಯಾರ್ಥಿನಿ. ಕೋಳಿಗಳಲ್ಲಿ ಗಡ್ಡೆ ಉಂಟುಮಾಡುವ ರೆಟ್ರೊವೈರಸ್ ಆದ ರೌಸ್ ಸಾರ್ಕೋಮಾ ವೈರಸ್‌ನ ಎಲ್‌ಟಿಆರ್ ಭಾಗವು (ವೈರಸ್ ಡಿಎನ್‌ಎಯ ಎರಡೂ ತುದಿಗಳಲ್ಲಿ ಪುನರಾವರ್ತಿಸುವ ತುಣುಕು) ಕೋಳಿಭ್ರೂಣದ ಫೈಬ್ರೊಬ್ಲಾಸ್ಟ್ (ಸಂಯೋಜಕ ಅಂಗಾಂಶದ) ಕೋಶಗಳಲ್ಲಿ ಜೀನ್ ಅಭಿವ್ಯಕ್ತಿಯನ್ನು ಹೇಗೆ ನಿಯಂತ್ರಿಸುತ್ತದೆ ಎಂಬುದು ನನ್ನ ಪ್ರಬಂಧದ ವಿಷಯ.

ಎಲ್‌ಟಿಆರ್‌ನಲ್ಲಿ ಯು3, ಆರ್, ಯು5 ಎಂಬ ಮೂರು ವಲಯಗಳಿದ್ದು, ಪ್ರೊಮೋಟರ್ (ಜೀನ್ ಓದುವಿಕೆ ಆರಂಭವಾಗುವಂತೆ ಮಾಡುವ ಡಿಎನ್‌ಎ ಭಾಗ) ಹಾಗೂ ಪ್ರಬಲ ಎನ್‌ಹ್ಯಾನ್ಸರ್ (ಆ ಓದುವಿಕೆಯನ್ನು ಹೆಚ್ಚಿಸುವ ಭಾಗ) ಯು3 ವಲಯದಲ್ಲಿವೆ. ಕೋಳಿಯ ಜೀನೋಮಿನಲ್ಲೇ ನೆಲೆಸಿರುವ ಆರ್‌ಎವಿ-0 ವೈರಸ್‌ನ ಯು3ಯಲ್ಲಿ ಅಂಥ ಎನ್‌ಹ್ಯಾನ್ಸರ್ ಇಲ್ಲ. ಇಷ್ಟು ಚಿಕ್ಕ ತುಣುಕಿನ ಪರಿಣಾಮ ಎಷ್ಟು ದೊಡ್ಡದೆಂದರೆ, ಕೋಳಿಗಳ ಇನ್ನೊಂದು ರೆಟ್ರೊವೈರಸ್ ಆದ ಏವಿಯನ್ ಲ್ಯುಕೋಸಿಸ್ ವೈರಸ್ ತನ್ನದೇ ಆದ ಕ್ಯಾನ್ಸರ್ ಜೀನ್ ಇಲ್ಲದಿದ್ದರೂ, ಕೋಶದ ಬೆಳವಣಿಗೆಯನ್ನು ನಿಯಂತ್ರಿಸುವ ಕೋಳಿಯ ಸಿ-ಮಿಕ್ ಜೀನಿನ ಪಕ್ಕದಲ್ಲಿ ಸೇರಿಕೊಂಡು ಎಲ್‌ಟಿಆರ್‌ನ ಬಲದಿಂದಲೇ ಅದನ್ನು ಅತಿಯಾಗಿ ಚಾಲನೆಗೊಳಿಸಿ ಲಿಂಫೋಮಾ (ಒಂದು ಬಗೆಯ ಬಿಳಿ ರಕ್ತಕಣಗಳ ಕ್ಯಾನ್ಸರ್) ಉಂಟುಮಾಡುತ್ತದೆಂದು 1981ರಲ್ಲಿ ತಿಳಿದುಬಂದಿತು. ಈ ವಿಷಯವನ್ನು ಆರಿಸಿಕೊಳ್ಳಲು ನನಗೆ ಅದೇ ಪ್ರೇರಣೆ.

ಪೂರ್ಣ ಯು3 ಮತ್ತು ಎನ್‌ಹ್ಯಾನ್ಸರ್ ತೆಗೆದ ಯು3, ಇವೆರಡನ್ನೂ ಲೂಸಿಫೆರೇಸ್ (ಬೆಳಕು ಹೊಮ್ಮಿಸುವ ಕಿಣ್ವದ) ಜೀನಿನ ಮುಂದೆ ಜೋಡಿಸಿ ಅಳೆದಾಗ ವ್ಯತ್ಯಾಸ ಕಾಣುತ್ತದೆ, ಆದರೆ ಅದರ ಪ್ರಮಾಣ ಪ್ರತಿ ಸಲವೂ ಬದಲಾಗುತ್ತಿದೆ. ಹೋಲಿಕೆಗೆ ಬಳಸುತ್ತಿರುವ ರೆನಿಲ್ಲಾ ಪ್ಲಾಸ್ಮಿಡ್‌ನಲ್ಲಿಯೂ (ಇನ್ನೊಂದು ಬಗೆಯ ಲೂಸಿಫೆರೇಸ್ ಜೀನನ್ನು ಹೊತ್ತ ಡಿಎನ್‌ಎ ಉಂಗುರ) ವೈರಸ್ ಪ್ರೊಮೋಟರ್ ಇರುವುದರಿಂದ, ಎರಡೂ ಒಂದೇ ಪ್ರೋಟೀನುಗಳಿಗಾಗಿ ಪೈಪೋಟಿ ನಡೆಸುತ್ತಿರಬಹುದೆಂಬ ಅನುಮಾನ ನನಗಿದೆ. ಈ ಎನ್‌ಹ್ಯಾನ್ಸರ್ ಸೀರಮ್‌ಗೂ (ಕೋಶ ಬೆಳೆಸಲು ಸೇರಿಸುವ ರಕ್ತದ ದ್ರವಭಾಗ) ಸ್ಪಂದಿಸುವುದರಿಂದ ಸೀರಮ್ ಪ್ರಮಾಣವನ್ನು ಸ್ಥಿರವಾಗಿಟ್ಟಿದ್ದೇನೆ.

ರೆನಿಲ್ಲಾ ಪ್ಲಾಸ್ಮಿಡ್‌ನಲ್ಲಿ ಕೋಳಿಯ ಕೋಶಗಳಿಗೆ ಹೊಂದುವ, ವೈರಸ್ ಮೂಲದ್ದಲ್ಲದ ದುರ್ಬಲ ಪ್ರೊಮೋಟರ್ ಯಾವುದನ್ನು ಬಳಸಬಹುದು? ಅದು ಎನ್‌ಹ್ಯಾನ್ಸರ್ ಆಗಿಯೇ ಕೆಲಸ ಮಾಡುತ್ತಿದೆಯೆಂದು ಖಚಿತಪಡಿಸಲು, ಎನ್‌ಹ್ಯಾನ್ಸರ್ ತುಣುಕನ್ನು ತಿರುಗಿಸಿ ಜೀನಿನ ಹಿಂದೆ ಜೋಡಿಸಿ ಪರೀಕ್ಷಿಸುವುದು ಅಗತ್ಯವೇ? ಬೀದರಿನಲ್ಲಿ ಪಶುವೈದ್ಯಕೀಯ ಅಧ್ಯಯನ ಮಾಡುತ್ತಿರುವವರು ಭ್ರೂಣಕೋಶ ಬೆಳೆಸುವ ಕ್ರಮವನ್ನು ಒಮ್ಮೆ ತೋರಿಸಿಕೊಡುವುದಾದರೆ, ನಾನೇ ಅಲ್ಲಿಗೆ ಬರುತ್ತೇನೆ.